ಪದವಿಗೆ ಈಗಷ್ಟೇ ಸೇರಿದ್ದೇನೆ: ಜರ್ಮನ್, ಫ್ರೆಂಚ್, ಜಪಾನೀಸ್‌ಗಳಲ್ಲಿ ಯಾವುದು ಆರಿಸಲಿ?
ಪದವಿ ಮುಗಿದ ಮೇಲೆ ಆ ಭಾಷೆ ಎಲ್ಲಿ ಬೇಕಾಗುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ. ಜರ್ಮನಿಯಲ್ಲಿ ಓದುವ ಆಸೆಯಿದ್ದರೆ ಜರ್ಮನ್. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಜರ್ಮನ್ ಮಾಧ್ಯಮದ ಕೋರ್ಸಿಗೆ ಸಾಮಾನ್ಯವಾಗಿ ಸಿ1 ಮಟ್ಟ (ಎ1ರಿಂದ ಸಿ2ವರೆಗಿನ ಆರು ಹಂತಗಳಲ್ಲಿ ಐದನೆಯದು) ಕೇಳುತ್ತಾರೆ. ವಾರಕ್ಕೆ ಮೂರ್ನಾಲ್ಕು ಗಂಟೆಯ ಕಾಲೇಜು ಪಾಠದಿಂದ ಎರಡು ಸೆಮಿಸ್ಟರಿನಲ್ಲಿ ಎ1 ದಾಟುವುದೇ ಕಷ್ಟ. ಬೆಂಗಳೂರಿನಲ್ಲಿದ್ದರೆ ಮುಂದಿನ ಹಂತಗಳನ್ನು ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮಾಡಿ. ಫ್ರೆಂಚಿಗಾದರೆ ಅಲಿಯಾನ್ಸ್ ಫ್ರಾನ್ಸೇಸ್ ಇದೆ, ಫ್ರೆಂಚ್ ಭಾಷಾ ಪರೀಕ್ಷೆಯಾದ ಡೆಲ್ಫ್‌ನ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೂ ಇಲ್ಲ.

ಜಪಾನೀಸ್ ಬಗ್ಗೆ ಸುಮ್ಮನೆ ಹೆದರುತ್ತಾರೆ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ನಂತರ: ವಾಕ್ಯರಚನೆ ಕನ್ನಡದ ಹಾಗೆಯೇ. ಸುಸ್ತು ಮಾಡುವುದು ಕಾಂಜಿ, ಅಂದರೆ ಚೀನೀ ಮೂಲದ ಚಿತ್ರಾಕ್ಷರಗಳು. ದಿನಾ ಬರೆಯದಿದ್ದರೆ ನೆನಪಿನಲ್ಲಿ ನಿಲ್ಲುವುದಿಲ್ಲ. ಜಪಾನೀಸ್ ಭಾಷಾ ಸಾಮರ್ಥ್ಯದ ಪರೀಕ್ಷೆಯಾದ ಜೆಎಲ್‌ಪಿಟಿಯಲ್ಲಿ ಮಾತಿನ ಪರೀಕ್ಷೆಯಿಲ್ಲ, ಹಾಗಾಗಿ ಮಾತಾಡುವ ಅಭ್ಯಾಸ ಬೇರೆಯಾಗಿ ಮಾಡಲೇಬೇಕು.