ಕುಮಾರ ಪರ್ವತ ಹತ್ತಿದವರಿಗೆ ಆಲ್ಪ್ಸ್ ಕಷ್ಟವಾಗುತ್ತಾ? ಇಲ್ಲ, ಆದರೆ ಒಂದೇ ಕಣಿವೆ ಹಿಡಿಯಿರಿ

ನೀವು ಕೇಳಿದ್ದು ಇಷ್ಟು. ಗಂಡ, ಹೆಂಡತಿ, 12 ವರ್ಷದ ಮಗ. ಕುಮಾರ ಪರ್ವತ, ಕುದುರೆಮುಖ ಎರಡೂ ಹತ್ತಿದ್ದೀರಿ. ಜುಲೈ ಕೊನೆಯಲ್ಲಿ ಹತ್ತು ದಿನ ಆಲ್ಪ್ಸ್‌ಗೆ ಹೋಗಬೇಕು. ನಡೆಯುವುದರ ಜೊತೆ ಪ್ಯಾರಾಗ್ಲೈಡಿಂಗ್, ರಾಫ್ಟಿಂಗ್, ಉಕ್ಕಿನ ಹಗ್ಗ ಹಿಡಿದು ಬಂಡೆ ಹತ್ತುವುದು, ಎಲ್ಲವೂ ಆಗಬೇಕು. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಆಸ್ಟ್ರಿಯಾ ಮೂರೂ ಪ್ಲಾನ್‌ನಲ್ಲಿವೆ. ನಮ್ಮ ಕೈಲಿ ಆಗುತ್ತಾ, ಗೈಡ್ ಬೇಕಾ, ಊಟಕ್ಕೇನು ಮಾಡೋದು ಅಂತ ಕೇಳಿದ್ದೀರಿ.

ನಾನು ಮ್ಯೂನಿಕ್‌ನಲ್ಲಿ ಕೆಲಸ ಮಾಡುವವನು. ಬೇಸಿಗೆ ಬಂದರೆ ವಾರಾಂತ್ಯಕ್ಕೆ ಬೆಟ್ಟದ ಕಡೆ ಓಡುತ್ತೇನೆ. ಗೈಡ್ ಅಲ್ಲ, ಪರ್ವತಾರೋಹಿಯೂ ಅಲ್ಲ. ಬಿದ್ದು ಎದ್ದು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಮೂರು ದೇಶದ ಪ್ಲಾನ್ ಬಿಡಿ. ಹತ್ತು ದಿನದಲ್ಲಿ ಮೂರು ದೇಶ ಅಂದರೆ ನೀವು ನೋಡುವುದು ರೈಲ್ವೆ ಸ್ಟೇಷನ್‌ಗಳನ್ನು. ಬೆಟ್ಟದಲ್ಲಿ ಮಳೆ ಬಂದರೆ ಎರಡು ದಿನ ಸುಮ್ನೆ ಕೂರಬೇಕಾಗುತ್ತದೆ. ಮುಂದಿನ ಊರಿಗೆ ಟಿಕೆಟ್ ಆಗಿಹೋಗಿದ್ದರೆ ಬಿಸಿಲು ಬಂದ ದಿನ ನೀವು ಬಸ್ಸಿನಲ್ಲಿರುತ್ತೀರಿ. ಒಂದೇ ಕಡೆ ಬಿಡಾರ ಹೂಡಿದರೆ ಬಿಸಿಲಿದ್ದ ದಿನ ಮೇಲೆ, ಮಳೆಯ ದಿನ ಕೆಳಗೆ.

ನನ್ನನ್ನು ಕೇಳಿದರೆ ಆಸ್ಟ್ರಿಯಾದ ತಿರೋಲ್ ಪ್ರಾಂತ್ಯದ ಸ್ಟುಬಾಯ್ ಕಣಿವೆ. ಇನ್ಸ್‌ಬ್ರುಕ್ ಪಕ್ಕದಲ್ಲೇ ಇದೆ. ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಕಣಿವೆಯ ಕೊನೆಯವರೆಗೂ ಬಸ್ಸು. ಕಾರು ಬೇಡವೇ ಬೇಡ. 1904ರಿಂದ ಓಡುತ್ತಿರುವ ಪುಟ್ಟ ರೈಲೊಂದು ಫುಲ್ಪ್‌ಮೆಸ್ ಊರಿನವರೆಗೆ ಹೋಗುತ್ತದೆ, ಮಗನಿಗೆ ಖುಷಿಯಾಗುತ್ತದೆ. ಫುಲ್ಪ್‌ಮೆಸ್ ಕಮ್ಮಾರರ ಊರು. ಹಿಮದಲ್ಲಿ ಹತ್ತುವ ಕೊಡಲಿ, ಶೂಗೆ ಕಟ್ಟುವ ಮುಳ್ಳುಪಟ್ಟಿ ಮಾಡಿ ಹೆಸರಾದದ್ದು. ಇನ್ನೂ ಮೇಲೆ ನೊಯ್‌ಸ್ಟಿಫ್ಟ್ ಅಂತ ಊರು, ಸುಮಾರು 1,000 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ವಾರಕ್ಕೆ ಅಡುಗೆಮನೆ ಇರುವ ರೂಮ್ ಹಿಡಿಯಿರಿ. ಸ್ವಿಟ್ಜರ್ಲೆಂಡ್‌ಗಿಂತ ಖರ್ಚು ಕಡಿಮೆ. ಕೇಬಲ್ ಕಾರ್, ಬಸ್ಸು ಸೇರಿದ ಗೆಸ್ಟ್ ಕಾರ್ಡ್ ಕೊಡುತ್ತೀರಾ ಅಂತ ಬುಕ್ ಮಾಡುವ ಮೊದಲೇ ಕೇಳಿ. ಎಲ್ಲ ಮನೆಯವರೂ ಕೊಡುವುದಿಲ್ಲ.

ಈಗ ಕೈಲಾಗುತ್ತಾ ಅನ್ನುವ ಪ್ರಶ್ನೆ. ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ 1,500 ಮೀಟರ್‌ಗೂ ಜಾಸ್ತಿ ಏರಿಕೆ. ಅದೂ ಕರಾವಳಿ ಪಕ್ಕದ ಸೆಕೆಯಲ್ಲಿ. ಅದನ್ನು ಹತ್ತಿದ ಕಾಲಿಗೆ ಇಲ್ಲಿನ ದಿನಕ್ಕೆ ಏಳುನೂರು ಎಂಟುನೂರು ಮೀಟರ್ ಏರಿಕೆ ದೊಡ್ಡದಲ್ಲ. ಆಮ್ಲಜನಕದ ಚಿಂತೆಯೂ ಬೇಡ, ಬೆಟ್ಟದ ಮೇಲೆ ರಾತ್ರಿ ಉಳಿದರೂ ನೀವು ಮಲಗುವುದು 2,300 ಮೀಟರ್ ಆಸುಪಾಸಿನಲ್ಲಿ. ಕಷ್ಟ ಬೇರೆ ಕಡೆ ಇದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಜಾರಿದರೆ ಹುಲ್ಲೋ ಪೊದೆಯೋ ಹಿಡಿಯುತ್ತದೆ. ಇಲ್ಲಿ ಮರಗಳ ಗೆರೆ ದಾಟಿದ ಮೇಲೆ ಬರೀ ಕಲ್ಲು. ದಾರಿ ಒಂದೂವರೆ ಅಡಿ ಅಗಲ, ಪಕ್ಕದಲ್ಲಿ ಮುನ್ನೂರು ಅಡಿ ಪಾತಾಳ ಇರುವ ಜಾಗಗಳುಂಟು. ಕಾಲಲ್ಲಿ ಶಕ್ತಿ ಇದ್ದರೂ ತಲೆ ತಿರುಗಿದರೆ ಅಲ್ಲಿಗೆ ಮುಗಿಯಿತು. ಮೂವರಲ್ಲಿ ಯಾರಿಗಾದರೂ ಎತ್ತರದ ಭಯ ಇದೆಯಾ? ಬೆಂಗಳೂರಲ್ಲೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ದಾರಿಯ ಹಳದಿ ಬೋರ್ಡಿನಲ್ಲಿ ಕೆಂಪು ಚುಕ್ಕೆ ಇದ್ದರೆ ಮಧ್ಯಮ, ಕಪ್ಪು ಚುಕ್ಕೆ ಇದ್ದರೆ ಕಷ್ಟ. ದೂರವನ್ನು ಕಿಲೋಮೀಟರ್‌ನಲ್ಲಿ ಬರೆದಿರುವುದಿಲ್ಲ, ಗಂಟೆಯಲ್ಲಿ ಬರೆದಿರುತ್ತಾರೆ. ಅದರ ಲೆಕ್ಕ ನೀವೂ ಹಾಕಬಹುದು. ಏರುವುದಕ್ಕೆ ಗಂಟೆಗೆ 300 ಮೀಟರ್, ಇಳಿಯುವುದಕ್ಕೆ 500 ಮೀಟರ್, ಸಮತಟ್ಟಿಗೆ 4 ಕಿಲೋಮೀಟರ್. ಎತ್ತರದ ಹೊತ್ತು, ದೂರದ ಹೊತ್ತು ಬೇರೆಬೇರೆ ಲೆಕ್ಕ ಹಾಕಿ, ದೊಡ್ಡದಕ್ಕೆ ಸಣ್ಣದರ ಅರ್ಧ ಸೇರಿಸಿ. 900 ಮೀಟರ್ ಏರಿಕೆ, 6 ಕಿಲೋಮೀಟರ್ ದೂರ ಅಂದರೆ ಮೂರು ಗಂಟೆ, ಒಂದೂವರೆಯ ಅರ್ಧ ಮುಕ್ಕಾಲು, ಒಟ್ಟು ಮೂರೂಮುಕ್ಕಾಲು. ಇದು ಫೋಟೋ, ತಿಂಡಿ, ಜಗಳ ಯಾವುದೂ ಸೇರದ ಲೆಕ್ಕ. ನಮ್ಮಂಥವರು ಇನ್ನೊಂದು ಗಂಟೆ ಸೇರಿಸಿಕೊಳ್ಳಬೇಕು.

ಜುಲೈನಲ್ಲಿ ಕತ್ತಲಾಗುವುದು ರಾತ್ರಿ ಒಂಬತ್ತಕ್ಕೆ. ಹಾಗಂತ ಹನ್ನೊಂದಕ್ಕೆ ಹೊರಡಬೇಡಿ. ಬೆಳಿಗ್ಗೆ ನೀಲಿ ಆಕಾಶ, ಮಧ್ಯಾಹ್ನ ಎರಡರ ಹೊತ್ತಿಗೆ ಗುಡುಗು, ಬೇಸಿಗೆಯಲ್ಲಿ ಇದು ಇಲ್ಲಿ ಮಾಮೂಲು. ಸಿಡಿಲಿನ ಹೊತ್ತಿಗೆ ಬೆಟ್ಟದ ಏಣಿನ ಮೇಲೆ ಇರಲೇಬಾರದು. ಉಕ್ಕಿನ ಹಗ್ಗದ ಪಕ್ಕವಂತೂ ಬೇಡವೇ ಬೇಡ. ಏಳಕ್ಕೆ ಹೊರಟು ಎರಡರೊಳಗೆ ಸೂರು ಸೇರಿ.

ಇನ್ನು ನಿಜವಾದ ಮಜಾ ಇರುವ ವಿಷಯಕ್ಕೆ ಬರುತ್ತೇನೆ. ಬೆಟ್ಟದ ಮೇಲಿನ ಮನೆಗಳು. ಜರ್ಮನ್‌ನಲ್ಲಿ ‘ಹ್ಯುಟ್ಟೆ’ ಅನ್ನುತ್ತಾರೆ. ನಿಮಗೆ ಕುಮಾರ ಪರ್ವತದ ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆ ಗೊತ್ತಲ್ವಾ? ಮೈಯೆಲ್ಲ ಬೆವರಾಗಿ ಬಂದಾಗ ಅನ್ನ ಸಾರು ಸಿಗುವ ಆ ಸುಖ. ಅದನ್ನೇ ಹತ್ತುಪಟ್ಟು ದೊಡ್ಡದು ಮಾಡಿ, ಒಂದರಿಂದ ಇನ್ನೊಂದಕ್ಕೆ ಒಂದು ದಿನದ ನಡಿಗೆ ಇರುವ ಹಾಗೆ ಸಾಲಾಗಿ ಇಟ್ಟಿದ್ದಾರೆ ಅಂದುಕೊಳ್ಳಿ. ಸ್ಟುಬಾಯ್‌ನಲ್ಲಿ ಇಂಥ ಎಂಟು ಮನೆಗಳನ್ನು ಜೋಡಿಸುವ ದಾರಿ ಇದೆ, ಸ್ಟುಬಾಯರ್ ಹೋಯೆನ್‌ವೇಗ್ ಅಂತ. ಪೂರ್ತಿ ಮಾಡಲು ಸುಮಾರು ಒಂದು ವಾರ ಬೇಕು. ಹೆಚ್ಚಿನವು ಆಲ್ಪೈನ್ ಕ್ಲಬ್ಬುಗಳಿಗೆ ಸೇರಿದ ಮನೆಗಳು. ಫ್ರಾನ್ಜ್ ಸೆನ್ ಅನ್ನುವ ಪಾದ್ರಿ 1869ರಲ್ಲಿ ಜರ್ಮನ್ ಆಲ್ಪೈನ್ ಕ್ಲಬ್ ಕಟ್ಟಿದವರಲ್ಲಿ ಒಬ್ಬರು. ಮುಂದೆ ಇದೇ ನೊಯ್‌ಸ್ಟಿಫ್ಟ್ ಚರ್ಚಿನಲ್ಲಿ ಪಾದ್ರಿಯಾಗಿದ್ದವರು. ಬಡ ಕಣಿವೆಗೆ ನಾಲ್ಕು ಕಾಸು ಬರಲಿ ಅಂತ ಬೆಟ್ಟಕ್ಕೆ ದಾರಿ ಮಾಡಿಸಿದರು. ಒಂದು ಹ್ಯುಟ್ಟೆಗೆ ಅವರದೇ ಹೆಸರು.

ನಿಮಗೆ ಎಂಟೂ ಬೇಡ. ಎರಡು ರಾತ್ರಿ ಸಾಕು. ನೊಯ್‌ಸ್ಟಿಫ್ಟ್‌ನಿಂದ ಬಸ್ಸಿನಲ್ಲಿ ಗ್ರಾವಾ ಜಲಪಾತದ ಸ್ಟಾಪಿಗೆ ಹೋಗಿ. ಎತ್ತರದಲ್ಲಿ ಜೋಗಕ್ಕಿಂತ ಕಡಿಮೆ. ಆದರೆ ಇದು 85 ಮೀಟರ್ ಅಗಲಕ್ಕೆ ಬಂಡೆಯ ಮೇಲೆ ಹರಡಿಕೊಂಡು ಇಳಿಯುತ್ತದೆ. ಎದುರಿಗೆ ಮರದ ಮಂಚ ಹಾಕಿದ್ದಾರೆ, ತುಂತುರು ಮುಖಕ್ಕೆ ಬೀಳುತ್ತದೆ. ಅದರ ಪಕ್ಕದಿಂದಲೇ ಏರಿ, ದನ ಮೇಯುವ ಸುಲ್ಸೆನೌ ಬಯಲು ದಾಟಿ ಸುಲ್ಸೆನೌ ಹ್ಯುಟ್ಟೆ ಸೇರಿ. ಸುಮಾರು 2,190 ಮೀಟರ್. ಮಧ್ಯಾಹ್ನವೇ ತಲುಪಿದರೆ ಬ್ಲೌವೆ ಲಾಕೆ ಅನ್ನುವ ನೀಲಿ ಕೊಳದವರೆಗೂ ನಡೆದು ಬರಬಹುದು. ಮಾರನೇ ದಿನ ಎರಡು ಶಿಖರಗಳ ನಡುವಿನ ಪೈಲ್‌ಯೋಖ್ ಅನ್ನುವ ತಗ್ಗು ದಾಟಿ ಡ್ರೆಸ್ಡ್‌ನರ್ ಹ್ಯುಟ್ಟೆಗೆ ಹೋಗಿ. ಮೂರು ಗಂಟೆಯ ಚಿಕ್ಕ ದಾರಿ, ಆದರೆ ಕಲ್ಲುಬಂಡೆ, ಕೆಲವು ಕಡೆ ಹಿಡಿಯೋಕೆ ಉಕ್ಕಿನ ಹಗ್ಗ. ಮೇಲೆ ಹೋದರೆ ಜನ ಕಲ್ಲಿನ ಮೇಲೆ ಕಲ್ಲಿಟ್ಟು ನೂರಾರು ಪುಟ್ಟ ಗೋಪುರ ಮಾಡಿದ್ದಾರೆ. ಎದುರಿಗೆ ಹಿಮನದಿ. ವರ್ಷ ವರ್ಷಕ್ಕೆ ಹಿಂದೆ ಸರಿಯುತ್ತಿದೆ, ಬಿಟ್ಟುಹೋದ ಬೋಳು ಬಂಡೆ ಬೆಳ್ಳಗೆ ಕಾಣುತ್ತದೆ. ಡ್ರೆಸ್ಡ್‌ನರ್ ಹ್ಯುಟ್ಟೆ ಕೇಬಲ್ ಕಾರಿನ ಮಧ್ಯದ ಸ್ಟೇಷನ್ ಪಕ್ಕದಲ್ಲೇ ಇದೆ. ಮೂರನೇ ದಿನ ಮಂಡಿ ನೋವಾದರೆ ಅದರಲ್ಲೇ ಇಳಿದು ಬಸ್ಸು ಹತ್ತಬಹುದು. ಈ ದಾರಿಯನ್ನು ನಾನು ಹೇಳುವುದು ಮುಖ್ಯವಾಗಿ ಅದಕ್ಕೇ. ಹವೆ ಒಳ್ಳೆಯದಿದ್ದರೆ ಗೈಡ್ ಬೇಡ. ಹಿಮನದಿಯ ಮೇಲೆ ಕಾಲಿಡುವುದಾದರೆ ಮಾತ್ರ ಗೈಡ್ ಬೇಕೇ ಬೇಕು.

ಇದೇ ದಾರಿಯಲ್ಲಿ ನಮಗಾದ ಫಜೀತಿ ಹೇಳುತ್ತೇನೆ. ಅಣ್ಣ ಬೆಂಗಳೂರಿನಿಂದ ಬಂದಿದ್ದ. ಆರು ವರ್ಷ ಅಟ್ಟದ ಮೇಲಿಟ್ಟಿದ್ದ ಟ್ರೆಕಿಂಗ್ ಶೂ ತಂದಿದ್ದ. ನೋಡಲು ಹೊಸದರ ಹಾಗೇ ಇತ್ತು. ಪೈಲ್‌ಯೋಖ್ ಏರುವಾಗ ಬಲಗಾಲಿನ ಅಟ್ಟೆ ಬಾಯಿ ಬಿಟ್ಟಿತು. ಅರ್ಧ ಗಂಟೆಗೆ ಎಡಗಾಲಿನದು ಕಳಚಿ ಕೈಗೇ ಬಂತು. ಶೂಗಳ ಅಟ್ಟೆಯಲ್ಲಿ ಪಾಲಿಯುರೆಥೇನ್ ಅಂತ ಒಂದು ಪದರ ಇರುತ್ತದೆ. ಬಳಸದೆ ಇಟ್ಟರೂ ಗಾಳಿಯ ತೇವ ಹೀರಿ ಒಳಗೊಳಗೇ ಪುಡಿಯಾಗುತ್ತದೆ. ನಮ್ಮ ಮಳೆಗಾಲದ ತೇವ ಗೊತ್ತಲ್ಲ. ಅತ್ತಿಗೆಯ ಹೇರ್‌ಬ್ಯಾಂಡು, ನನ್ನ ಶೂ ಲೇಸು ಎರಡೂ ಸುತ್ತಿ ಕುಂಟುತ್ತಾ ಬಂದೆವು. ಹ್ಯುಟ್ಟೆಯಾತ ನೋಡಿದವನೇ ಒಂದು ಮಾತೂ ಆಡದೆ ಟೇಪು ತಂದುಕೊಟ್ಟ. ಇಂಥದ್ದು ದಿನಾ ನೋಡುತ್ತಾನೇನೋ. ಆವತ್ತು ಪೈಲ್‌ಯೋಖ್ ಬದಲು 2,902 ಮೀಟರ್‌ನ ಗ್ರೋಸರ್ ಟ್ರ್ಯೋಗ್ಲರ್ ಶಿಖರಕ್ಕೆ ಹೋಗಬೇಕು ಅನ್ನುವುದು ಅಣ್ಣನ ಆಸೆ. ಮೋಡ ಕಟ್ಟುತ್ತಿದೆ, ಬೇಡ ಅಂತ ನಾನೇ ಬೆಳಿಗ್ಗೆ ತಡೆದಿದ್ದೆ. ಮಳೆ ಬರಲೇ ಇಲ್ಲ, ಸಂಜೆಯವರೆಗೂ ಬಿಸಿಲು. ಶೂ ವಿಷಯ ಮರೆತು ಅದಕ್ಕೆ ಇವತ್ತಿಗೂ ಬೈತಾನೆ. ನೀವು ಹೊರಡುವ ಮೊದಲು ಹಳೇ ಶೂ ಹಾಕಿಕೊಂಡು ನಂದಿಬೆಟ್ಟದ ಮೆಟ್ಟಿಲು ಹತ್ತಿ ಇಳಿದು ನೋಡಿ.

ಹ್ಯುಟ್ಟೆಯ ರೀತಿ ರಿವಾಜು ಸ್ವಲ್ಪ. ಶೂ ಬಾಗಿಲಲ್ಲೇ ಬಿಡಬೇಕು, ಇದು ನಮಗೆ ಹೊಸದಲ್ಲ. ಮಲಗಲು ಹಾಸಿಗೆ, ಹೊದಿಕೆ ಇರುತ್ತದೆ. ಅದರೊಳಗೆ ನಮ್ಮದೇ ತೆಳು ಬಟ್ಟೆಯ ಚೀಲ ಹಾಕಿಕೊಂಡು ಮಲಗಬೇಕು. ಬೆಡ್‌ಶೀಟ್ ಮಡಚಿ ಎರಡು ಕಡೆ ಹೊಲಿಸಿದರೆ ಆಯಿತು. ಹತ್ತಕ್ಕೆ ದೀಪ ಆರುತ್ತದೆ. ಡಾರ್ಮಿಟರಿಯಲ್ಲಿ ಗೊರಕೆ ಉಚಿತ, ಕಿವಿಗೆ ಹತ್ತಿ ತನ್ನಿ. ಕೈಯಲ್ಲಿ ಕ್ಯಾಶ್ ಇರಲಿ.

ಊಟ. ಮೊಟ್ಟೆ ತಿನ್ನುತ್ತೀರಾದರೆ ಚಿಂತೆಯಿಲ್ಲ. ಮೊಟ್ಟೆ ಹಾಕಿದ ನೂಡಲ್ಸ್‌ಗೆ ಚೀಸ್ ಸುರಿದ ಕೇಸೆಷ್ಪೆಟ್ಸ್ಲೆ, ಹರಿದು ತುಂಡು ಮಾಡಿದ ಸಿಹಿ ದೋಸೆಯಂಥ ಕೈಸರ್‌ಶ್ಮಾರ್ನ್, ಪಾಲಕ್ ಹಾಕಿದ ಬ್ರೆಡ್ಡಿನ ಉಂಡೆ. ಆದರೆ ಸೂಪಿನ ಬಗ್ಗೆ ಹುಷಾರು. ಚೀಸ್ ಉಂಡೆಯ ಸೂಪು ಅಂದಾಗ ಉಂಡೆಯಲ್ಲಿ ಮಾಂಸ ಇರುವುದಿಲ್ಲ, ಅದು ತೇಲುತ್ತಿರುವ ನೀರು ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ್ದು. ಕೇಳಿಯೇ ತಿನ್ನಿ. ಮೊಟ್ಟೆಯೂ ಬೇಡ ಅಂದರೆ ಬ್ರೆಡ್, ಆಲೂಗಡ್ಡೆ, ಸಲಾಡ್ ಅಷ್ಟೇ. ಅವಲಕ್ಕಿ, ಚಟ್ನಿಪುಡಿ ತನ್ನಿ, ಬಿಸಿನೀರು ದುಡ್ಡಿಗೆ ಸಿಗುತ್ತದೆ. ತುಪ್ಪ, ಹಾಲಿನ ಸಿಹಿ ತರಬೇಡಿ. ಹೊರಗಿನ ದೇಶದಿಂದ ಹಾಲು ಮಾಂಸದ ಪದಾರ್ಥ ತರುವಂತಿಲ್ಲ, ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಿ.

ಸಾಹಸದ ಆಟಗಳಲ್ಲಿ ಎರಡು ಆರಿಸಿಕೊಳ್ಳಿ. ಪ್ಯಾರಾಗ್ಲೈಡಿಂಗ್ ನೊಯ್‌ಸ್ಟಿಫ್ಟ್‌ನಲ್ಲೇ ಇದೆ, ಎಲ್ಫರ್ ಬೆಟ್ಟಕ್ಕೆ ಕೇಬಲ್ ಕಾರಿನಲ್ಲಿ ಹೋಗಿ ಪೈಲಟ್ ಜೊತೆ ಹಾರುವುದು. ಬೆಳಗಿನ ಹೊತ್ತು ಬುಕ್ ಮಾಡಿ, ಗಾಳಿ ಶಾಂತವಾಗಿರುತ್ತದೆ. ‘ಫ್ಯೋನ್’ ಅನ್ನುವ ಬಿಸಿ ದಕ್ಷಿಣ ಗಾಳಿ ಬೀಸಿದ ದಿನ ಹಾರಾಟ ರದ್ದು. ಅವರು ಬೇಡ ಅಂದರೆ ಒತ್ತಾಯ ಮಾಡಬೇಡಿ. ರಾಫ್ಟಿಂಗ್‌ಗೆ ಇಮ್ಸ್ಟ್‌ನಿಂದ ಹೈಮಿಂಗ್‌ವರೆಗೆ ಇನ್ ನದಿಯ ಕಂದರ ಹೆಸರುವಾಸಿ. ದಾಂಡೇಲಿಯ ಕಾಳಿಯಲ್ಲಿ ಬಿದ್ದರೆ ಈಜು, ಇಲ್ಲಿ ಬಿದ್ದರೆ ಹಲ್ಲು ಕಟಕಟ. ಹಿಮ ಕರಗಿದ ನೀರು ಅದು.

ಉಕ್ಕಿನ ಹಗ್ಗದ ದಾರಿ, ಅಂದರೆ ಕ್ಲೆಟರ್‌ಸ್ಟೈಗ್, ಇದರಲ್ಲಿ ಮಗನ ವಿಷಯಕ್ಕೆ ಒಂದು ಮಾತು. ಸೊಂಟದ ಪಟ್ಟಿಯಿಂದ ಎರಡು ಕೊಕ್ಕೆ ಹಗ್ಗಕ್ಕೆ ಸಿಕ್ಕಿಸಿಕೊಂಡು ಹತ್ತುವುದು. ಗೂಟ ಬಂದಾಗ ಒಂದು ಬಿಚ್ಚಿ ಮುಂದೆ ಹಾಕಿ, ಆಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಬಿಚ್ಚಬಾರದು. ಎರಡು ಗೂಟದ ನಡುವೆ ಒಬ್ಬರೇ. ಬಿದ್ದರೆ ಕೆಳಗಿನ ಗೂಟದವರೆಗೂ ಜಾರಿ ಜೋರಾಗಿ ಎಳೆಯುತ್ತದೆ. ಆ ಏಟು ತಾಳಲು ಮಡಚಿ ಹೊಲಿದ ಒಂದು ಪಟ್ಟಿ ಇರುತ್ತದೆ, ಹೊಲಿಗೆ ಹರಿಯುತ್ತಾ ಹೋಗಿ ಏಟನ್ನು ತಗ್ಗಿಸುತ್ತದೆ. ಈಗಿನ ಯೂರೋಪಿನ ಮಾನದಂಡದಂತೆ ಅದು ಕೆಲಸ ಮಾಡುವುದು 40ರಿಂದ 120 ಕೆಜಿ ತೂಕದವರಿಗೆ. ನಮ್ಮ 12 ವರ್ಷದ ಎಷ್ಟೋ ಹುಡುಗರು 40 ಕೆಜಿ ಇರುವುದಿಲ್ಲ. ಅಷ್ಟು ಹಗುರ ಮೈಗೆ ಹೊಲಿಗೆ ಸರಿಯಾಗಿ ಹರಿಯುವುದಿಲ್ಲ. ಮಗ 40 ಕೆಜಿ ಇಲ್ಲದಿದ್ದರೆ ಮೇಲಿನಿಂದ ಬೇರೆ ಹಗ್ಗ ಹಿಡಿಯುವ ಗೈಡ್ ಬೇಕು. ಬಾಡಿಗೆ ಅಂಗಡಿಯವರು ಕೇಳದಿದ್ದರೂ ನೀವೇ ಹೇಳಿ. ದಾರಿಗಳಿಗೆ ಎ, ಬಿ, ಸಿ ಅಂತ ದರ್ಜೆ ಇದೆ. ಎ ಎಲ್ಲಕ್ಕಿಂತ ಸುಲಭ. ಬಿಗಿಂತ ಮುಂದಿನ ದರ್ಜೆಗೆ ಹೋಗಬೇಡಿ.

ವೀಸಾಗೆ 30,000 ಯೂರೋ ಆರೋಗ್ಯ ವಿಮೆ ಹೇಗೂ ಮಾಡಿಸುತ್ತೀರಿ. ಅದರಲ್ಲಿ ಬೆಟ್ಟದಿಂದ ಹೆಲಿಕಾಪ್ಟರ್‌ನಲ್ಲಿ ತರುವ ಖರ್ಚು, ಸಾಹಸ ಕ್ರೀಡೆ ಎರಡೂ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ. ಸೇರದಿದ್ದರೆ ಬಿಲ್ಲು ಸಾವಿರಾರು ಯೂರೋ. ಆಸ್ಟ್ರಿಯಾದ ಬೆಟ್ಟದ ತುರ್ತು ನಂಬರು 140, ಯೂರೋಪಿನಾದ್ಯಂತ 112. ನೆಟ್‌ವರ್ಕ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ ಅಥವಾ ಟಾರ್ಚ್ ಮಿನುಗಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಮೂರು ಸಲ ತಿರುಗಿ ಬಂದರೆ ಕೇಳಿಸಿದೆ ಅಂತ.

ಹಸುಗಳ ವಿಷಯ ಮರೆತಿದ್ದೆ. ಬೇಸಿಗೆಯಲ್ಲಿ ದಾರಿಯ ಮೇಲೇ ಮೇಯುತ್ತಿರುತ್ತವೆ, ಕೊರಳಲ್ಲಿ ಗಂಟೆ. ನಮ್ಮೂರ ಗೌರಿ ಅಂದುಕೊಂಡು ಹಣೆ ಸವರಲು ಹೋಗಬೇಡಿ. ಇವು ತಿಂಗಳುಗಟ್ಟಲೆ ಬಯಲಲ್ಲೇ ಇರುವ ದನ, ಕರು ಜೊತೆಗಿದ್ದರೆ ಮೈಮೇಲೆ ಬರುತ್ತವೆ. ಇದೇ ಕಣಿವೆಯ ಪಿನ್ನಿಸ್ ಬಯಲಿನಲ್ಲಿ 2014ರಲ್ಲಿ ನಾಯಿ ಜೊತೆ ಬಂದಿದ್ದ ಮಹಿಳೆಯೊಬ್ಬರು ದನಗಳ ಗುಂಪಿಗೆ ಸಿಕ್ಕಿ ತೀರಿಕೊಂಡರು. ಸುತ್ತು ಬಳಸಿ ಹೋಗಿ.

ಹ್ಯುಟ್ಟೆ ಈಗಲೇ ಬುಕ್ ಮಾಡಿ, ಜುಲೈ ಶನಿವಾರಗಳು ಬೇಗ ತುಂಬುತ್ತವೆ. ಹೋಗಲಾಗದಿದ್ದರೆ ಫೋನ್ ಮಾಡಿ ತಿಳಿಸಿ, ಇಲ್ಲದಿದ್ದರೆ ದಾರಿಯಲ್ಲಿ ಏನಾದರೂ ಆಯಿತಾ ಅಂತ ಹುಡುಕಾಟ ಶುರುವಾಗಬಹುದು. ಹೊರಡುವಾಗ ಅಲ್ಲಿನ ದಪ್ಪ ಪುಸ್ತಕದಲ್ಲಿ ಹೆಸರು, ಮುಂದೆ ಹೋಗುವ ಜಾಗ ಬರೆಯಬೇಕು. ನಾನೊಮ್ಮೆ ಖುಷಿಗೆ ಕನ್ನಡದಲ್ಲಿ ಬರೆದೆ. ಹ್ಯುಟ್ಟೆಯ ಅಜ್ಜಿ ಕನ್ನಡಕ ಏರಿಸಿ ನೋಡಿ, ಚೆನ್ನಾಗಿದೆ ಅಂದು, ಪೆನ್ನು ತಿರುಗಿ ಕೈಗೆ ಕೊಟ್ಟರು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲೂ ಬರಿ, ಹುಡುಕುವವರಿಗೆ ಇದು ಓದಲು ಬರುವುದಿಲ್ಲ ಅಂದರು.