ಮಾರ್ಫಿನ್ ಪ್ರಮಾಣ ಏರುತ್ತಿದೆ, ಚಟ ಹತ್ತಿತೇ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ದವಡೆಯ ಕ್ಯಾನ್ಸರ್‌ಗೆ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ನಡೆದಿದೆ. ನೋವಿಗೆ ನಾಲ್ಕು ತಾಸಿಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಕೊಡುತ್ತಿದ್ದೆವು, ಈಗ ವೈದ್ಯರು 20ಕ್ಕೆ ಏರಿಸಿದ್ದಾರೆ. ಚಟ ಹತ್ತಿದೆ, ನಿಲ್ಲಿಸಿ ಎನ್ನುತ್ತಾರೆ ಬಂಧುಗಳು. ನರಕೋಶಗಳಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕದ ಸಂಕೇತ ಹಿಡಿಯುವ ರಿಸೆಪ್ಟರ್ ತಡೆದರೆ ಕಡಿಮೆ ಮಾರ್ಫಿನ್ ಸಾಕು, ಅಂಥ ಔಷಧ ಕೆಮ್ಮಿನ ಸಿರಪ್‌ನಲ್ಲೇ ಇದೆ ಎಂದು ನನ್ನ ತಮ್ಮ ಓದಿದ್ದಾನೆ. ಕೊಡಬಹುದೇ? ಊಟದಲ್ಲಿ ಗ್ಲುಟಮೇಟ್ ಇರುವ ಅಜಿನೊಮೊಟೊ ಬಿಡಿಸಬೇಕೇ?
– ಹೆಸರು ಬೇಡ, ಬ್ಯಾಡಗಿ

ಉತ್ತರ: ಸಿರಪ್ ಕೊಡಬೇಡಿ, ಮಾರ್ಫಿನ್ ನಿಲ್ಲಿಸಬೇಡಿ. ನಿಮ್ಮ ತಮ್ಮ ಓದಿದ್ದು ಸುಳ್ಳಲ್ಲ, ಅರ್ಧ ಕಥೆ ಅಷ್ಟೇ.

ಮಾರ್ಫಿನ್ ಬೆನ್ನುಹುರಿ ಮತ್ತು ಮೆದುಳಿನ ನರಕೋಶಗಳಲ್ಲಿರುವ ‘ಮ್ಯೂ’ ಎಂಬ ರಿಸೆಪ್ಟರ್‌ಗೆ ಅಂಟಿಕೊಂಡು ನೋವಿನ ಸಂಕೇತವನ್ನು ತಗ್ಗಿಸುತ್ತದೆ. ಇದೇ ನರಜಾಲದಲ್ಲಿ ಗ್ಲುಟಮೇಟ್‌ಗೆ ಓಗೊಡುವ ಎನ್‌ಎಂಡಿಎ ರಿಸೆಪ್ಟರ್ ಕೂಡ ಇದೆ. ಸಾಮಾನ್ಯವಾಗಿ ಅದರ ಬಾಯಿಗೆ ಮೆಗ್ನೀಸಿಯಂ ಬಿರಡೆಯಂತೆ ಕುಳಿತಿರುತ್ತದೆ. ಮಾರ್ಫಿನ್ ಬಹುಕಾಲ ಮುಂದುವರಿದಾಗ ಕೋಶದೊಳಗಿನ ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವ ಚುರುಕಾಗಿ ಈ ಅಡ್ಡಿಯನ್ನು ಸಡಿಲಿಸುತ್ತದೆ. ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕಿಣ್ವ ಇನ್ನಷ್ಟು ಕೆರಳುತ್ತದೆ, ಮ್ಯೂ ರಿಸೆಪ್ಟರ್ ಮೊದಲಿನಂತೆ ಸ್ಪಂದಿಸುವುದಿಲ್ಲ. ದೇಹ ಔಷಧಕ್ಕೆ ಒಗ್ಗುವುದರ ಹಿಂದಿನ ಒಂದು ಮುಖ್ಯ ಕಾರಣ ಇದು. ಎನ್‌ಎಂಡಿಎ ರಿಸೆಪ್ಟರನ್ನು ತಡೆದ ಇಲಿಗಳು ಮಾರ್ಫಿನ್‌ಗೆ ಅಷ್ಟಾಗಿ ಒಗ್ಗುವುದಿಲ್ಲ ಎಂದು 1991ರಲ್ಲೇ ವರದಿಯಾಯಿತು.

ಆದರೆ ಮನುಷ್ಯರಲ್ಲಿ ಕಥೆ ಬೇರೆಯಾಯಿತು. ಸಿರಪ್‌ನಲ್ಲಿರುವ ಡೆಕ್ಸ್ಟ್ರೋಮೆಥಾರ್ಫಾನ್ ಅನ್ನು ಮಾರ್ಫಿನ್ ಜೊತೆ ಬೆರೆಸಿ, ಕ್ಯಾನ್ಸರೇತರ ದೀರ್ಘಕಾಲದ ನೋವಿರುವವರಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಜೊತೆಗೆ ಟ್ರಮಡಾಲ್ ಎಂಬ ನೋವಿನ ಔಷಧ ಅಥವಾ ಕೆಲವು ಖಿನ್ನತೆಯ ಮಾತ್ರೆಗಳಿದ್ದರೆ ಈ ಸಿರಪ್ ಪ್ರಾಣಕ್ಕೇ ಕುತ್ತು ತರಬಹುದು. ಇದೇ ರಿಸೆಪ್ಟರನ್ನು ತಡೆಯುವ ಕೆಟಮಿನ್, ಮೆಥಡೋನ್‌ಗಳನ್ನು ನಾವು ಆಯ್ದ ರೋಗಿಗಳಿಗೆ ಬಳಸುತ್ತೇವೆ. ಮೆಥಡೋನ್ ದೇಹದಲ್ಲಿ ದಿನಗಟ್ಟಲೆ ಕೂಡುತ್ತಾ ಹೋಗುವ ಔಷಧ, ಅನುಭವವಿಲ್ಲದವರು ಮುಟ್ಟಬಾರದು.

ಅಜಿನೊಮೊಟೊ ಚಿಂತೆ ಬಿಡಿ. ತಿಂದ ಗ್ಲುಟಮೇಟ್ ಬಹುಪಾಲು ಕರುಳಿನಲ್ಲೇ ಖರ್ಚಾಗುತ್ತದೆ. ಗೋಬಿ ಮಂಚೂರಿಯನ್ನು ದೂರಲು ಬೇರೆ ಕಾರಣಗಳು ಬೇಕಾದಷ್ಟಿವೆ.

ಇನ್ನು ಬಂಧುಗಳ ಮಾತು. ಒಗ್ಗುವುದು ಬೇರೆ, ಚಟ ಬೇರೆ. ನೋವಿಲ್ಲದಾಗಲೂ ಹಂಬಲಿಸಿ, ಕೆಡುಕಾದರೂ ಬಿಡಲಾಗದೆ ನುಂಗುವುದು ಚಟ. ನೋವಿಗೆಂದು ವೈದ್ಯರು ಹೇಳಿದಂತೆ ತೆಗೆದುಕೊಳ್ಳುವವರು ಹಾಗಲ್ಲ. 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ದುಸ್ತರವಾಗಿತ್ತು, 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಕಾನೂನು ಬಿಟ್ಟುಕೊಟ್ಟದ್ದನ್ನು ಪಡಸಾಲೆಯ ಪಂಚಾಯಿತಿ ಕಸಿದುಕೊಳ್ಳುವುದು ನನಗೆ ಸಿಟ್ಟು ತರಿಸುತ್ತದೆ. ಥಟ್ಟನೆ ನಿಲ್ಲಿಸಿದರೆ ಬೆವರು, ಭೇದಿ, ಚಡಪಡಿಕೆ ಶುರುವಾಗುತ್ತವೆ, ನೋವು ಮರಳುತ್ತದೆ.

ಪ್ರಮಾಣ ಏರಿದ್ದಕ್ಕೆ ಒಗ್ಗುವಿಕೆಯೇ ಕಾರಣ ಎಂದೂ ಹೇಳಲಾಗದು. ಕ್ಯಾನ್ಸರ್‌ನಲ್ಲಿ ಎಷ್ಟೋ ಸಲ ಗಡ್ಡೆ ಬೆಳೆದಿರುತ್ತದೆ, ನರ ಒತ್ತಿರುತ್ತದೆ, ಸೋಂಕು ಇರುತ್ತದೆ. ಆದ್ದರಿಂದ ನೋವು ಯಾವಾಗ, ಎಲ್ಲಿ, ಉರಿಯೋ ಸೆಳೆತವೋ ಎಂದು ಬರೆದಿಟ್ಟು ವೈದ್ಯರಿಗೆ ತೋರಿಸಿ. ಮಾತ್ರೆ ಹೆಚ್ಚಿದಷ್ಟೂ ನೋವು ಮೈಯೆಲ್ಲ ಹರಡಿ, ಮೆಲ್ಲಗೆ ಮುಟ್ಟಿದರೂ ನೋಯುವಂತಾದರೆ ತಪ್ಪದೆ ಹೇಳಿ. ಆಗ ಪ್ರಮಾಣ ಇಳಿಸಬೇಕೋ ಔಷಧ ಬದಲಿಸಬೇಕೋ ಎಂದು ಅವರು ನಿರ್ಧರಿಸುತ್ತಾರೆ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ನಿಧಾನವಾಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಮಲಬದ್ಧತೆಯ ಔಷಧವನ್ನೂ ದಿನಾ ಕೊಡುತ್ತಿರಿ. ಮಾರ್ಫಿನ್‌ನ ಓಕರಿಕೆ, ಮಂಪರಿಗೆ ದೇಹ ಒಗ್ಗುತ್ತದೆ, ಕರುಳು ಮಾತ್ರ ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.