ಅವರು ಕ್ಯೂ ಬಿಚ್ಚಿದಾಗಲೇ ನೀವು ಗೆದ್ದಾಗಿತ್ತು

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಕಳೆದ ತಿಂಗಳು ಹಾಸನದ ಒಂದು ಪೂಲ್ ಪಾರ್ಲರ್‌ನಲ್ಲಿ ನೈನ್‌ಬಾಲ್ ಟೂರ್ನಿ ಇತ್ತು. ಒಂದರಿಂದ ಒಂಬತ್ತರ ತನಕ ಅಂಕಿಯಿರುವ ಚೆಂಡುಗಳ ಆಟ ಅದು, ಒಂಬತ್ತನ್ನು ಹಾಕಿದವರಿಗೆ ಆ ಸುತ್ತು, ಅಂದರೆ ರ‍್ಯಾಕ್. ಮೊದಲು ಐದು ರ‍್ಯಾಕ್ ಗೆದ್ದವರಿಗೆ ಮ್ಯಾಚು. ರೆಫ್ರಿ ಇರಲಿಲ್ಲ. ನಾನು 3–1ರಲ್ಲಿ ಮುಂದಿದ್ದೆ. ಆಮೇಲೆ ಎದುರಾಳಿ ಶುರು ಮಾಡಿದರು. ನಾನು ಬಗ್ಗಿದ ತಕ್ಷಣ ಅದೇ ಪಾಕೆಟ್ ಹಿಂದೆ ಬಂದು ನಿಂತು ಕ್ಯೂಗೆ (ಹೊಡೆಯುವ ಕೋಲಿಗೆ) ಚಾಕ್ ಉಜ್ಜುವುದು. 'ಇವತ್ತು ಮೊಣಕೈ ಒಂಚೂರೂ ಅಲುಗ್ತಾ ಇಲ್ವಲ್ಲ, ಏನ್ ಮಾಡಿದ್ರಿ?' ಅನ್ನುವುದು. 'ಎರಡು ಫೌಲ್ ಆಗಿದೆ, ನೋಡ್ಕೊಳ್ಳಿ' ಅಂತ ಹೆದರಿಸುವುದು. ಚೆಂಡು ಬಿದ್ದಾಗಲೆಲ್ಲ 'ಒಳ್ಳೆ ಶಾಟ್' ಅನ್ನುವುದು. 4–4ರಲ್ಲಿ ನನಗೆ ಒಂಬತ್ತನೇ ಚೆಂಡೊಂದೇ ಬಾಕಿ ಇತ್ತು. ನಾನು ಬಗ್ಗಿದ್ದಾಗ ಅವರು ತಮ್ಮ ಕ್ಯೂ ಬಿಚ್ಚತೊಡಗಿದರು. ಸೋಲೊಪ್ಪಿಕೊಂಡರು ಅಂದುಕೊಂಡು ಹೊಡೆದೆ, ತಪ್ಪಿತು. ಅವರು ಕ್ಯೂ ಮತ್ತೆ ಜೋಡಿಸಿ ಒಂಬತ್ತನ್ನು ಹಾಕಿ ಗೆದ್ದರು. ಕೇಳಿದ್ದಕ್ಕೆ 'ಇದೂ ಆಟದ ಭಾಗ, ಪ್ರೊಫೆಷನಲ್‌ಗಳೂ ಮಾಡ್ತಾರೆ' ಅಂದರು. ನಾನು ಕೈ ಕುಲುಕದೆ ಬಂದೆ. ತಪ್ಪು ಯಾರದು? ಮುಂದಿನ ಟೂರ್ನಿಯಲ್ಲಿ ಮತ್ತೆ ಅವರೇ ಸಿಗಬಹುದು. ಏನು ಮಾಡಲಿ?

— ಒಬ್ಬ ಓದುಗ, ಹಾಸನ

ಸಂಪಾದಕರ ಉತ್ತರ

ನಿಮ್ಮ ಪತ್ರದ ಕೊನೆಯಿಂದಲೇ ಶುರು ಮಾಡೋಣ. ನಿಮಗೆ ಗೊತ್ತಿರಬೇಕಾಗಿದ್ದ ಮುಖ್ಯ ಸಂಗತಿ ಇರುವುದು ಅಲ್ಲೇ. ವಿಶ್ವ ಪೂಲ್ ನಿಯಮಗಳ ಪ್ರಕಾರ, ಎದುರಾಳಿ ನಿರ್ಣಾಯಕ ರ‍್ಯಾಕ್‌ನಲ್ಲಿ ಟೇಬಲ್ ಬಳಿ ಆಡುತ್ತಿರುವಾಗ ಕುಳಿತವನು, ಅಂದರೆ ಸರದಿಗೆ ಕಾಯುತ್ತಿರುವವನು, ತಾನು ಆಡುವ ಎರಡು ತುಂಡಿನ ಜೋಡಣೆ ಕ್ಯೂವನ್ನು ತಿರುಗಿಸಿ ಬಿಚ್ಚಿದರೆ, ಅದನ್ನು ಮ್ಯಾಚು ಬಿಟ್ಟುಕೊಟ್ಟಂತೆ ಎಂದೇ ಎಣಿಸಬೇಕು. 4–4 ಎಂದರೆ ಅದು ನಿರ್ಣಾಯಕ ರ‍್ಯಾಕ್. ಟೇಬಲ್ ಬಳಿ ಇದ್ದವರು ನೀವು. ಕ್ಯೂ ಬಿಚ್ಚಿದವರು ಅವರು. ಆ ನಿಯಮ ಜಾರಿಯಲ್ಲಿದ್ದರೆ ಒಂಬತ್ತನೇ ಚೆಂಡನ್ನು ಹೊಡೆಯುವ ಅಗತ್ಯವೇ ನಿಮಗಿರಲಿಲ್ಲ.

ಆದರೆ ನೀವು ಹೊಡೆದುಬಿಟ್ಟಿರಿ. ಕ್ಯೂ ಬಿಚ್ಚುವ ಸದ್ದು ಕಿವಿಗೆ ಬಿದ್ದ ಕೂಡಲೇ ಎದ್ದು ನಿಂತು, ಚೆಂಡುಗಳನ್ನು ಇದ್ದಲ್ಲೇ ಬಿಟ್ಟು, 'ಅಣ್ಣ, ಮ್ಯಾಚು ಬಿಟ್ಕೊಟ್ರಾ?' ಎಂದು ಕೇಳಬೇಕಿತ್ತು. ಹೌದು ಅಂದರೆ ಮುಗಿಯಿತು. ಇಲ್ಲ ಅಂದರೆ ಆಯೋಜಕರನ್ನು ಅಲ್ಲಿಗೇ ಕರೆಯಬೇಕಿತ್ತು. ಹೊಡೆದ ಮೇಲೆ ಕೇಳಿದರೆ, ಚೆಂಡು ತಪ್ಪಿದ್ದಕ್ಕೆ ಕೇಳುತ್ತಿದ್ದೀರಿ ಎಂದೇ ಎಲ್ಲರಿಗೂ ಅನ್ನಿಸುತ್ತದೆ. ಫೌಲ್ ವಿಷಯದಲ್ಲೂ ಪೂಲ್‌ನ ಕ್ರಮ ಇದೇ. ಮುಂದಿನ ಶಾಟ್ ಶುರುವಾಗುವ ಮೊದಲು ಹೇಳದಿದ್ದರೆ ಆ ಫೌಲ್ ಆಗಲೇ ಇಲ್ಲ ಎಂದು ಲೆಕ್ಕ.

ಇನ್ನು 'ಪ್ರೊಫೆಷನಲ್‌ಗಳೂ ಮಾಡ್ತಾರೆ' ಎಂಬ ಮಾತು. ಕೆಲವರು ಮಾಡುತ್ತಾರೆ, ನಿಜ. ಪೂಲ್ ಆಡುವವರ ಬಾಯಲ್ಲಿ ಎದುರಾಳಿಯ ಗಮನ ಕೆಡಿಸುವ ಇಂಥ ತಂತ್ರಕ್ಕೆ ಶಾರ್ಕಿಂಗ್ ಎಂಬ ಹೆಸರೇ ಇದೆ. ಹೆಸರಿದೆ ಎಂದ ಮಾತ್ರಕ್ಕೆ ಅದಕ್ಕೆ ಅನುಮತಿ ಇದೆ ಎಂದಲ್ಲ. ವಿಶ್ವ ನಿಯಮಗಳಲ್ಲಿ ಕ್ರೀಡಾಮನೋಭಾವಕ್ಕೆ ವಿರುದ್ಧವಾದ ನಡತೆಯ ಉದಾಹರಣೆಗಳಲ್ಲಿ 'ಎದುರಾಳಿಯ ಗಮನ ಕೆಡಿಸುವುದು' ಕೂಡ ಸೇರಿದೆ. ಬೇಕೆಂದೇ ಆಟ ಎಳೆಯುವುದು, ಚೆಂಡಿನ ಜಾಗ ಬದಲಿಸುವುದು, ಟೇಬಲ್ ಮೇಲೆ ಗುರುತು ಹಾಕುವುದು ಎಲ್ಲ ಅದರ ಜೊತೆಗೇ ಇವೆ. ಶಿಕ್ಷೆ ಎಷ್ಟು ಎಂಬುದು ರೆಫ್ರಿಯ ವಿವೇಚನೆ. ಎಚ್ಚರಿಕೆ ಕೊಡಬಹುದು, ಫೌಲ್ ಎನ್ನಬಹುದು, ರ‍್ಯಾಕ್ ಕಳೆಯಬಹುದು, ಮ್ಯಾಚೇ ಕಳೆಯಬಹುದು, ಬಹುಮಾನ ಕಿತ್ತುಕೊಂಡು ಟೂರ್ನಿಯಿಂದ ಹೊರಗೂ ಹಾಕಬಹುದು. ಸ್ನೂಕರ್‌ನಲ್ಲಿ ಮಾತು ಇನ್ನೂ ನೇರವಾಗಿದೆ. ಹೊಡೆಯುವವನ ದೃಷ್ಟಿಯ ಸಾಲಿನಲ್ಲಿ ಎದುರಾಳಿ ನಿಲ್ಲಬಾರದು, ಅಲುಗಬಾರದು. ಟೇಬಲ್‌ನಿಂದ ಸಾಕಷ್ಟು ದೂರ ಕೂರಬೇಕು ಅಥವಾ ನಿಲ್ಲಬೇಕು. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಹಳೆಯ ಪ್ಲಾಂಟರ್ಸ್ ಕ್ಲಬ್‌ಗಳ ಬಿಲಿಯರ್ಡ್ಸ್ ಕೋಣೆಯಲ್ಲಿ ಕೂತವರಿಗೆ ಈ ಶಿಸ್ತು ಹೊಸದಲ್ಲ. ನಮ್ಮ ಪೇಟೆಗಳ ಪಾರ್ಲರ್‌ಗೆ ಟೇಬಲ್ ಬಂದಷ್ಟು ಬೇಗ ಈ ಶಿಸ್ತು ಬರಲಿಲ್ಲ, ಅದೇ ಬೇಸರ.

ಮೊಸ್ಕೋನಿ ಕಪ್‌ನಲ್ಲಿ ಅಷ್ಟೊಂದು ಗಲಾಟೆ ಇರುತ್ತದಲ್ಲ ಎಂದು ಯಾರಾದರೂ ಕೇಳಬಹುದು. 1994ರಿಂದ ನಡೆಯುತ್ತಿರುವ ಆ ಯುರೋಪ್–ಅಮೆರಿಕ ತಂಡಗಳ ಪಂದ್ಯದಲ್ಲಿ ಪ್ರೇಕ್ಷಕರು ಕೂಗುತ್ತಾರೆ, ಹಾಡುತ್ತಾರೆ. ಆದರೆ ಆ ಗದ್ದಲವನ್ನು ಹೆಚ್ಚಾಗಿ ಮಾಡುವವರು ಜನರೇ ಹೊರತು ಎದುರಾಳಿಯಲ್ಲ. ಇನ್ನೊಂದು ವ್ಯತ್ಯಾಸವನ್ನು ಆಟಗಾರರೆಲ್ಲ ಬಲ್ಲರು. ಒಂದೇ ಸಮನೆ ಮೊರೆಯುವ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ. ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಸುರಿಯುತ್ತಿದ್ದರೂ ನಾವು ಆರಾಮವಾಗಿ ಆಡುತ್ತೇವೆ. ನಿಶ್ಶಬ್ದದ ನಡುವೆ ಕುರ್ಚಿಯೊಂದು ಕಿರ್ ಎಂದರೆ ಕೈ ಕದಲುತ್ತದೆ. ಕೆಡಿಸುವುದು ಸದ್ದಿನ ಪ್ರಮಾಣವಲ್ಲ, ಅದು ಹುಟ್ಟುವ ಗಳಿಗೆ.

ಹಾಗಾಗಿ ನಮ್ಮ ಅಳತೆಗೋಲು ಇಷ್ಟೇ. ಹೊಡೆಯುವವನು ಬಗ್ಗಿದ ಕ್ಷಣದಿಂದ ಚೆಂಡುಗಳೆಲ್ಲ ನಿಲ್ಲುವ ತನಕ ಕುಳಿತವನು ಹೊಸದಾಗಿ ಏನನ್ನೂ ಶುರು ಮಾಡಬಾರದು. ಮೊದಲೇ ನಿಂತಿದ್ದರೆ ನಿಂತೇ ಇರಲಿ, ಕೂತಿದ್ದರೆ ಕೂತೇ ಇರಲಿ. ಉದ್ದೇಶ ಏನಿತ್ತು ಎಂದು ಯಾರ ಮನಸ್ಸನ್ನೂ ಬಗೆದು ನೋಡಲಾಗದು. ಯಾವಾಗ ಮಾಡಿದರು ಎಂಬುದನ್ನು ಮಾತ್ರ ಎಲ್ಲರೂ ನೋಡಬಹುದು.

ಅಷ್ಟು ಸಣ್ಣ ಅಲುಗಾಟ ಏನು ಮಾಡೀತು ಅನ್ನುವವರಿಗೆ ಒಂದು ಲೆಕ್ಕ. ಪೂಲ್ ಚೆಂಡಿನ ವ್ಯಾಸ 57 ಮಿ.ಮೀ., ಮೂಲೆಯ ಪಾಕೆಟ್‌ನ ಬಾಯಿ ಸುಮಾರು 115 ಮಿ.ಮೀ. ಗುರಿಯ ಚೆಂಡು ಪಾಕೆಟ್‌ನಿಂದ ನಾಲ್ಕಡಿ ದೂರ, ಬಿಳಿ ಚೆಂಡು ಅದರಿಂದ ಒಂದು ಮೀಟರ್ ಹಿಂದೆ, ಮೂರೂ ಒಂದೇ ಸಾಲಿನಲ್ಲಿವೆ ಎನ್ನಿ. ನೋಡಲು ಸುಲಭದ ಶಾಟ್. ಪಾಕೆಟ್‌ನಲ್ಲಿ ಎಡಕ್ಕೂ ಬಲಕ್ಕೂ ಸಿಗುವ ಸಡಿಲ ಸುಮಾರು 29 ಮಿ.ಮೀ. ಗುರಿಯ ಚೆಂಡನ್ನು ಮುಟ್ಟುವ ಹೊತ್ತಿಗೆ ಬಿಳಿ ಚೆಂಡಿನ ದಾರಿ ಒಂದೂವರೆ ಮಿ.ಮೀ. ಪಕ್ಕಕ್ಕೆ ಸರಿದಿದ್ದರೂ ಆ ಸಡಿಲವೆಲ್ಲ ಖರ್ಚಾಗಿ ಚೆಂಡು ಪಾಕೆಟ್‌ನ ತುಟಿಗೆ ಬಡಿಯುತ್ತದೆ. ಇದನ್ನು ಕ್ಯೂವಿಗೆ ತಂದರೆ, ಬ್ರಿಡ್ಜ್ ಕೈಯಿಂದ (ಕ್ಯೂವಿಗೆ ಮುಂದೆ ಆಸರೆ ಕೊಡುವ ಕೈ) ಒಂದು ಗೇಣು ಮುಂದಿರುವ ತುದಿ ಅರ್ಧ ಮಿ.ಮೀ. ಕೂಡ ಆಚೀಚೆ ಹೋಗಬಾರದು. ಪಾಕೆಟ್ ಹಿಂದೆ ಬಿಳಿ ಅಂಗಿಯೊಂದು ಸರಿದರೆ ಕಣ್ಣು ತಾನಾಗಿಯೇ ಅತ್ತ ಜಿಗಿಯುತ್ತದೆ. ಕಣ್ಣಂಚಿಗೆ ಬಣ್ಣ ಸರಿಯಾಗಿ ಕಾಣದಿದ್ದರೂ ಚಲನೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ನುರಿತ ಆಟಗಾರರು ಹೊಡೆಯುವ ಮುನ್ನ ಗುರಿಯ ಮೇಲೆ ಕೊನೆಯ ನೋಟವನ್ನು ಹೆಚ್ಚು ಹೊತ್ತು ನಿಲ್ಲಿಸುತ್ತಾರೆ ಎಂದು ಬಿಲಿಯರ್ಡ್ಸ್ ಆಟಗಾರರ ಮೇಲೆ ನಡೆದ ಅಧ್ಯಯನಗಳೂ ತೋರಿಸಿವೆ. ಆ ನೋಟ ಮುರಿದರೆ ಶಾಟ್ ಮುರಿಯಿತು.

ಈಗ ನಿಮ್ಮ ದೂರುಗಳು. ಪಾಕೆಟ್ ಹಿಂದೆ ಬಂದು ಚಾಕ್ ಉಜ್ಜಿದ್ದು ಸ್ಪಷ್ಟವಾಗಿ ತಪ್ಪು. ತನ್ನ ಸರದಿ ಬರುವ ತನಕ ಅವರಿಗೆ ಚಾಕ್‌ನ ಅಗತ್ಯವೇ ಇರಲಿಲ್ಲ. ಮೊಣಕೈ ಹೊಗಳಿದ್ದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಹೊಗಳಿಕೆಗೆ ಯಾರೂ ದೂರು ಕೊಡುವುದಿಲ್ಲ. ಸಾವಿರಾರು ಸಲ ಹೊಡೆದು ಕೈಗೆ ತಾನಾಗಿ ಬಂದದ್ದನ್ನು ತಲೆ ಮತ್ತೆ ಬಿಡಿಸಿ ನೋಡತೊಡಗಿದರೆ ಕೈ ಬಿಗಿಯುತ್ತದೆ. ಮೊಣಕೈಯ ನೆನಪು ತಂದುಕೊಟ್ಟದ್ದೇ ಅವರ ಗೆಲುವು. ಆ ಮಾತಿಗೆ 'ಮ್ಯಾಚು ಮುಗಿದ ಮೇಲೆ ಹೇಳ್ತೀನಿ ಅಣ್ಣ' ಎಂಬ ಒಂದೇ ಉತ್ತರ ಸಾಕು.

ಎರಡು ಫೌಲ್ ಎಂದು ಹೇಳಿದ್ದನ್ನು ಮಾತ್ರ ನೀವು ತಪ್ಪಾಗಿ ತಿಳಿದಿದ್ದೀರಿ. ನೈನ್‌ಬಾಲ್‌ನಲ್ಲಿ ಸತತ ಮೂರು ಫೌಲ್ ಆದರೆ ರ‍್ಯಾಕ್ ಹೋಗುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಎಚ್ಚರಿಸದಿದ್ದರೆ ಆ ರ‍್ಯಾಕ್ ಕೇಳುವ ಹಕ್ಕು ಎದುರಾಳಿಗಿಲ್ಲ. ರೆಫ್ರಿ ಇಲ್ಲದ ಕಡೆ ಅದನ್ನು ಹೇಳಬೇಕಾದವರು ಅವರೇ. ಅದು ಹೆದರಿಸುವಿಕೆಯಲ್ಲ, ಕರ್ತವ್ಯ. ನೀವು ಬಗ್ಗುವ ಮೊದಲು ಹೇಳಿದರೇ ಅಥವಾ ಬಗ್ಗಿದ ಮೇಲೆಯೇ ಎಂಬುದಷ್ಟೇ ಪ್ರಶ್ನೆ, ಅದನ್ನು ನೀವು ಬರೆದಿಲ್ಲ. 'ಒಳ್ಳೆ ಶಾಟ್' ಅನ್ನುವುದರಲ್ಲೂ ತಪ್ಪಿಲ್ಲ, ಚೆಂಡು ನಿಂತ ಮೇಲೆ ಒಂದು ಸಲ ಅಂದರೆ. ಬೆರಳಿನಿಂದ ಟೇಬಲ್ ಅಂಚು ತಟ್ಟಿ ಮೆಚ್ಚುವುದು ಇದಕ್ಕಿಂತಲೂ ಚೆಂದ.

ಇಷ್ಟಾದರೂ ನಿಮ್ಮ ಪಾಲಿನ ತಪ್ಪು ಉಳಿದೇ ಇದೆ. 3–1ರಿಂದ 4–4ರ ತನಕ ನೀವು ಒಂದು ಮಾತೂ ಆಡಲಿಲ್ಲ. ಸಿಟ್ಟನ್ನು ನುಂಗಿ ನುಂಗಿ ಕೊನೆಗೆ ಕೈ ಕುಲುಕದೆ ಹೊರಟಿರಿ. ಆ ಕೋಣೆಯಲ್ಲಿದ್ದವರಿಗೆ ಕಂಡದ್ದು ಅದೊಂದೇ. ಕೈ ಕುಲುಕಿಯೇ ಆಯೋಜಕರ ಬಳಿ ಹೋಗಬೇಕಿತ್ತು.

ಮೊದಲ ಸಲ ಅಡ್ಡಿಯಾದಾಗ ಮಾಡಬೇಕಾದ್ದು ಎದ್ದು ನಿಲ್ಲುವುದು. ಇದು ಕೇಳಲು ಸುಲಭ, ಮಾಡಲು ಕಷ್ಟ. ಬಗ್ಗಿ, ಮೂರು ನಾಲ್ಕು ಸಲ ಕ್ಯೂ ಆಡಿಸಿ ಆದಮೇಲೆ ಕೈ ಹೊಡೆಯಲು ತಯಾರಾಗಿರುತ್ತದೆ, ತಲೆ ಬೇಡ ಅಂದರೂ ಹೊಡೆದುಬಿಡುತ್ತದೆ. ಅಭ್ಯಾಸದಲ್ಲೇ ಇದನ್ನು ಕಲಿಯಬೇಕು. ಮೇಲೆ ಹೇಳಿದ ನೇರ ಶಾಟ್ ಇಟ್ಟುಕೊಂಡು 15 ಸಲ ಬಗ್ಗಿ. ಗೆಳೆಯನೊಬ್ಬ ತನಗೆ ಬೇಕಾದ ಐದು ಸಲ ಕೀಲಿಗೊಂಚಲು ಬೀಳಿಸಲಿ ಅಥವಾ ನಿಮ್ಮ ಎದುರು ದಾಟಲಿ. ಆ ಐದರಲ್ಲೂ ಹೊಡೆಯದೆ ಎದ್ದು, ಒಂದು ಹೆಜ್ಜೆ ಹಿಂದೆ ಹೋಗಿ, ಚಾಕ್ ಹಚ್ಚಿ, ಸಾಲನ್ನು ನಿಂತೇ ಮತ್ತೆ ನೋಡಿ, ಮೊದಲಿನಿಂದ ಬಗ್ಗಿ. ಅರ್ಧ ಎದ್ದು ಅಲ್ಲೇ ಮತ್ತೆ ಕುಗ್ಗಿದರೆ ಕಾಲಿನ ಜಾಗ ಸರಿದಿರುತ್ತದೆ, ಚೆಂಡು ತಪ್ಪುವುದು ಅದರಿಂದಲೇ. ಶಾಟ್ ಕ್ಲಾಕ್ ಇರುವ ಟೂರ್ನಿಯಲ್ಲಿ ಮಾತ್ರ ಸಮಯದ ಮೇಲೆ ಕಣ್ಣಿರಲಿ. ವಿಶ್ವ ನಿಯಮದ ಮಾದರಿಯಲ್ಲಿ ಒಂದು ಶಾಟ್‌ಗೆ 35 ಸೆಕೆಂಡ್, ರ‍್ಯಾಕ್‌ಗೊಮ್ಮೆ 25 ಸೆಕೆಂಡ್ ಹೆಚ್ಚುವರಿ ಕೇಳಬಹುದು. ಅದನ್ನು ಬಳಸಲು ಇದಕ್ಕಿಂತ ಒಳ್ಳೆಯ ಕಾರಣ ಸಿಗದು.

ಎದ್ದ ಮೇಲೆ ಮೆಲ್ಲಗೆ, ಅವರಿಗೆ ಮಾತ್ರ ಕೇಳುವಂತೆ, 'ಅಣ್ಣ, ನಾನು ಬಗ್ಗಿದಾಗ ಆ ಪಾಕೆಟ್ ಹತ್ರ ನಿಲ್ಬೇಡಿ' ಎನ್ನಿ. 'ನೀವು ಬೇಕಂತ ಮಾಡ್ತಿದೀರ' ಎನ್ನಬೇಡಿ. ಆ ಮಾತು ಜಗಳಕ್ಕೆ ದಾರಿ, ಜಗಳದಲ್ಲಿ ಕೈ ನಡುಗುವುದು ನಿಮ್ಮದೇ. ಎರಡನೇ ಸಲವೂ ಆದರೆ ಅವರ ಜೊತೆ ಮಾತೇ ಬೇಡ, ಕ್ಯೂ ಕೆಳಗಿಟ್ಟು ಆಯೋಜಕರನ್ನು ಕರೆಯಿರಿ. ಉಳಿದ ರ‍್ಯಾಕ್‌ಗಳಿಗೆ ಒಬ್ಬರು ಟೇಬಲ್ ಪಕ್ಕ ನಿಂತು ನೋಡಲಿ ಎಂದು ಕೇಳುವ ಹಕ್ಕು ನಿಮಗಿದೆ. ಅವರ ಸರದಿಯಲ್ಲಿ ನೀವೂ ಹಾಗೆಯೇ ಮಾಡಿ ಸೇಡು ತೀರಿಸಿಕೊಂಡರೆ ನಿಮ್ಮ ದೂರಿಗೆ ಬೆಲೆಯೇ ಉಳಿಯದು.

ಪಾರ್ಲರ್ ನಡೆಸುವವರಿಗೂ ಒಂದು ಮಾತು. ಒಂಬತ್ತು ಅಡಿ ಟೇಬಲ್‌ನ ಸುತ್ತ 58 ಇಂಚಿನ ಕ್ಯೂ ಸಲೀಸಾಗಿ ಆಡಬೇಕಾದರೆ ಕೋಣೆ ಸುಮಾರು 14 ಅಡಿಗೆ 18 ಅಡಿ ಬೇಕು. ನಮ್ಮ ಊರುಗಳ ಮಳಿಗೆಗಳಲ್ಲಿ ಅಷ್ಟು ಜಾಗ ಇರುವುದು ಕಡಿಮೆ. ಹಾಗಾಗಿ ಕುಳಿತವನು ಎಲ್ಲಿ ಕೂತರೂ ಹತ್ತಿರವೇ. ಪರವಾಗಿಲ್ಲ, ಒಂದೇ ಗೋಡೆಗೆ ಒತ್ತಿ ಎರಡು ಕುರ್ಚಿ ಹಾಕಿ, ಕಾಲಿಗೆ ರಬ್ಬರ್ ಬುಶ್ ಹಾಕಿಸಿ, ಪ್ರತಿ ಕುರ್ಚಿಯ ಬಳಿ ಬೇರೆ ಚಾಕ್ ಇಡಿ. ಟೇಬಲ್ ಅಂಚಿನ ಒಂದೇ ಚಾಕ್‌ಗಾಗಿ ಎದ್ದು ಬರುವ ನೆಪ ಅಲ್ಲಿಗೆ ಹೋಯಿತು. ಹೊಡೆಯುವಾಗ ಕರೆಂಟ್ ಹೋದರೆ ಅಥವಾ ಹೊರಗಿನವರು ಮೈತಾಗಿಸಿದರೆ ಏನು ಎಂಬುದನ್ನೂ ಮೊದಲೇ ಹೇಳಿಬಿಡಿ. ಅದರಿಂದ ಶಾಟ್ ಕೆಟ್ಟಿದ್ದರೆ ಚೆಂಡುಗಳನ್ನು ಮೊದಲಿದ್ದಂತೆ ಇಟ್ಟು ಮತ್ತೆ ಹೊಡೆಯಲು ಬಿಡುವುದು ನಿಯಮ. ಯಾವ ನಿಯಮ ಪುಸ್ತಕ ಪಾಲಿಸುತ್ತೀರಿ ಎಂದು ಹಿಂದಿನ ದಿನವೇ ಗೋಡೆಗೆ ಅಂಟಿಸಿ, ಕ್ಯೂ ಬಿಚ್ಚುವ ನಿಯಮವೂ ಅದರಲ್ಲಿರಲಿ. ಬರೆದಿರದ ನಿಯಮವನ್ನು 4–4ರಲ್ಲಿ ಯಾರೂ ಒಪ್ಪುವುದಿಲ್ಲ.

ಮುಂದಿನ ಟೂರ್ನಿಯಲ್ಲಿ ಅವರೇ ಸಿಕ್ಕರೆ ಆಡಿ. ಲ್ಯಾಗ್‌ಗೆ (ಯಾರು ಆಟ ಶುರು ಮಾಡಬೇಕೆಂದು ತೀರ್ಮಾನಿಸಲು ಚೆಂಡು ಉರುಳಿಸುವುದು) ಮೊದಲು, ಆಯೋಜಕರ ಎದುರಿಗೇ, ನಗುತ್ತಲೇ ಎರಡು ಮಾತು ಹೇಳಿ: 'ಅಣ್ಣ, ಒಬ್ರು ಹೊಡೀವಾಗ ಇನ್ನೊಬ್ರು ಕುರ್ಚೀಲಿ ಕೂರೋಣ. ಕ್ಯೂ ಬಿಚ್ಚಿದ್ರೆ ಮ್ಯಾಚು ಬಿಟ್ಟ ಹಾಗೆ, ಸರಿನಾ?' ಅವರು ಸರಿ ಅಂದ ಮೇಲೆ ಚೆಂಡು ಉರುಳಿಸಿ.